ಗೋಲು ಹೊಡೆದಾಕಿ, ಗೇಟು ಹಾಕಿದವರು

ಹಿಡಕಲ್ ಕಡೆಯ ಮಂದಿಗೆ ಗೇಟಿನ ಮಹಿಮೆಯನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಆಣೆಕಟ್ಟಿನಲ್ಲಿ ನೀರು ತುಂಬಿ ನಿಂತಿದ್ದರೂ ಕಾಲುವೆಯ ಗೇಟು ಮುಚ್ಚಿತೆಂದರೆ ಕೊನೆಯ ಹೊಲದ ಕಬ್ಬು ಒಣಗಿತೆಂದೇ ಲೆಕ್ಕ. ನೀರಿಲ್ಲ ಅಂತಲ್ಲ, ಬಿಡುವವರಿಲ್ಲ ಅಂತ.

ಫುಟ್‌ಬಾಲ್ ಆಟದೊಳಗೂ ಇಂಥದೇ ಒಂದು ಗೇಟಿನ ಹಕೀಕತ್ತು ಉಂಟು. ನೂರು ವರ್ಷಕ್ಕೂ ಹಿಂದೆ ಇಂಗ್ಲಂಡಿನಲ್ಲಿ ನಡೆದದ್ದು. 1920ರ ಕ್ರಿಸ್‌ಮಸ್ ರಜೆಯಲ್ಲಿ ಎರಡು ಊರಿನ ಹುಡುಗಿಯರು ಆಡಿದ ಒಂದು ಪಂದ್ಯಕ್ಕೆ 53 ಸಾವಿರ ಮಂದಿ ಸೇರಿದರು. ಮುಂದಿನ ಕ್ರಿಸ್‌ಮಸ್‌ಗೆ ಇನ್ನೂ ಇಪ್ಪತ್ತು ದಿನ ಇರುವಾಗಲೇ ಮೈದಾನದ ಗೇಟು ಅವರಿಗೆ ಮುಚ್ಚಿತು. ಮುಚ್ಚಿದ್ದು ಐವತ್ತು ವರ್ಷ ತೆರೆಯಲಿಲ್ಲ. ಗೇಟು ತೆರೆದಿದ್ದಾಗಲೂ ಮುಚ್ಚಿದಾಗಲೂ ಮೂವತ್ತು ವರ್ಷ ಬಿಡದೆ ಚೆಂಡು ಒದ್ದ ಹೆಣ್ಣುಮಗಳ ಹೆಸರು ಲಿಲಿ ಪಾರ್.

ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆಗೆ ಈ ದೂರದ ಕಥೆ ಯಾಕ್ರೀ ಅಂತ ಕೇಳುವವರು ಇದ್ದಾರು. ನೋಡಹೋದರೆ ಅಷ್ಟೇನೂ ದೂರದ್ದಲ್ಲ. ಲಿಲಿ ಹುಟ್ಟಿದ ಸೀಮೆ ಲ್ಯಾಂಕಶೈರ್. ಜಗತ್ತಿಗೆಲ್ಲ ಅರಿವೆ ನೇಯ್ದು ಕೊಟ್ಟ ಸೀಮೆ ಅದು. 1860ರ ದಶಕದಲ್ಲಿ ಅಮೇರಿಕದೊಳಗೆ ಅಂತರ್ಯುದ್ಧ ಎದ್ದು ಅಲ್ಲಿಯ ಹತ್ತಿ ಬರುವುದು ನಿಂತಾಗ, ಲ್ಯಾಂಕಶೈರಿನ ಗಿರಣಿ ಮಾಲೀಕರ ಕಣ್ಣು ಧಾರವಾಡ ಸೀಮೆಯ ಹತ್ತಿಯ ಮೇಲೆ ಬಿತ್ತು. ಇಲ್ಲಿಯ ಎರೆಹೊಲದ ಹತ್ತಿ ಚಕ್ಕಡಿಯಲ್ಲಿ ಘಟ್ಟ ಇಳಿದು, ಕುಮಟಾ ಬಂದರ ಸೇರಿ, ಹಡಗು ಹತ್ತಿದ್ದು ಇತಿಹಾಸ. ಮುಂದೆ 1880ರ ದಶಕದಲ್ಲಿ ಘಟಪ್ರಭೆಯ ಧುಮುಕುವ ನೀರನ್ನೇ ನಂಬಿ ಗೋಕಾಕ ಫಾಲ್ಸಿನಲ್ಲಿ ಹತ್ತಿ ಗಿರಣಿ ಎದ್ದಿತು. ಪಾಳಿ ಅಂದ್ರೇನು, ಭೋಂಗಾ ಅಂದ್ರೇನು, ವಾರದ ಪಗಾರದಲ್ಲಿ ಮನೆ ತೂಗಿಸುವುದು ಅಂದ್ರೇನು ಅಂತ ಈ ಭಾಗದ ಮೂರು ನಾಲ್ಕು ತಲೆಮಾರಿಗೆ ಗೊತ್ತು. ಲಿಲಿಯ ಕಥೆಯೂ ಅಂಥ ಮಂದಿಯ ನಡುವೆ ಬೆಳೆದದ್ದೇ.

ಗಾಜಿನ ಊರಿನ ಹುಡುಗಿ

ಲಿಲಿ ಹುಟ್ಟಿದ್ದು 1905ರ ಏಪ್ರಿಲ್ 26ರಂದು, ಸೇಂಟ್ ಹೆಲೆನ್ಸ್ ಎಂಬ ಊರಿನಲ್ಲಿ. ಗಾಜಿನ ಕಾರ್ಖಾನೆಗಳಿಗೆ ಹೆಸರಾದ ಊರು. ತಂದೆ ಜಾರ್ಜ್ ಪಾರ್ ಗಾಜಿನ ಕೆಲಸದ ಕೂಲಿಕಾರ, ತಾಯಿ ಸಾರಾ. ಏಳು ಮಕ್ಕಳಲ್ಲಿ ಲಿಲಿ ನಾಲ್ಕನೆಯಾಕಿ. ಇದ್ದದ್ದು ಬಾಡಿಗೆ ಮನೆ. ಖರ್ಚು ತೂಗದೆ ಆ ಬಾಡಿಗೆ ಮನೆಯಲ್ಲೇ ಮತ್ತೊಬ್ಬರಿಗೆ ಜಾಗ ಕೊಟ್ಟು ನಾಲ್ಕು ಕಾಸು ಹುಟ್ಟಿಸುವ ಪರಿಸ್ಥಿತಿ.

ಆ ಕಾಲಕ್ಕೆ ಹೆಣ್ಣುಮಕ್ಕಳಿಗೆ ಹೊಲಿಗೆ, ಅಡಿಗೆ, ಮನೆಗೆಲಸ ಅಂತ ಗೆರೆ ಕೊರೆದಿಟ್ಟಿದ್ದರು. ಲಿಲಿಗೆ ಅದರ ಮೇಲೆ ಮನಸ್ಸು ಹತ್ತಲಿಲ್ಲ. ಅಣ್ಣತಮ್ಮಂದಿರ ಜೋಡಿ ಬಯಲಿಗೆ ಹೋಗಿ ಫುಟ್‌ಬಾಲೂ ಆಡಿದಳು, ರಗ್ಬಿಯೂ ಆಡಿದಳು. ಗಂಡುಹುಡುಗರು ಹೆಣ್ಣು ಅಂತ ರಿಯಾಯಿತಿ ತೋರಿಸಲಿಲ್ಲ, ಆಕೆ ಕೇಳಲೂ ಇಲ್ಲ. ಮೈಕಟ್ಟು ಬಲಿತು ಎತ್ತರ ಬೆಳೆದಳು. ಎಲ್ಲಕ್ಕಿಂತ ಮಿಗಿಲು ಆಕೆಯ ಎಡಗಾಲು. ಮೈದಾನದ ಎಡಬದಿಯ ಅಂಚಿನಿಂದ ಆಕೆ ಒದ್ದ ಚೆಂಡು ಗೋಲಿನ ಬಾಯಿಗೆ ಗುಂಡಿನಂತೆ ಬಂದು ಬೀಳುತ್ತಿತ್ತು ಎಂಬುದು ಆಕೆಯ ಜೋಡಿ ಆಡಿದವರೆಲ್ಲ ಒಪ್ಪಿದ ಮಾತು. ಮುಂದೆ ಒಬ್ಬ ವೃತ್ತಿಪರ ಗಂಡು ಗೋಲ್‌ಕೀಪರನು ಸವಾಲು ಹಾಕಿ, ಆಕೆಯ ಹೊಡೆತ ತಡೆಯಲು ಹೋಗಿ ಕೈ ಮುರಿದುಕೊಂಡ ಎಂಬ ಕಥೆಯೂ ಹುಟ್ಟಿಕೊಂಡಿತು. ಕಥೆಗೆ ಬಾಲ ಬೆಳೆದಿರಬಹುದು. ಆದರೂ ಸುಮ್ಮಸುಮ್ಮನೆ ಎಲ್ಲರ ಬಗ್ಗೆ ಇಂಥ ಕಥೆ ಹುಟ್ಟುವುದಿಲ್ಲವಲ್ಲ!

ಕಾರ್ಖಾನೆಯ ಅಂಗಳದ ಆಟ

ಲಿಲಿ ಇನ್ನೂ ಹುಡುಗಿಯಾಗಿದ್ದಾಗ ಮೊದಲ ಮಹಾಯುದ್ಧ ಹತ್ತಿತು. ಗಂಡಸರು ಸಾಲುಸಾಲಾಗಿ ಫ್ರಾನ್ಸಿನ ರಣರಂಗಕ್ಕೆ ನಡೆದರು. 1915ರಲ್ಲಿ ಗಂಡಸರ ಫುಟ್‌ಬಾಲ್ ಲೀಗ್ ನಿಂತುಹೋಯಿತು. ಕಾರ್ಖಾನೆಗಳಲ್ಲಿ ಗಂಡಾಳು ಇಲ್ಲದಾಗಿ, ಮದ್ದುಗುಂಡು ತಯಾರಿಸುವ ಕೆಲಸಕ್ಕೆ ಹೆಣ್ಣುಮಕ್ಕಳು ಬಂದರು.

ಸೇಂಟ್ ಹೆಲೆನ್ಸ್‌ನಿಂದ ಉತ್ತರಕ್ಕೆ ಒಂದೆರಡು ತಾಸಿನ ದಾರಿ ಪ್ರೆಸ್ಟನ್ ಪಟ್ಟಣ. ಅಲ್ಲಿ ಡಿಕ್ ಕೆರ್ ಕಂಪನಿಯ ಕಾರ್ಖಾನೆ. ಮೊದಲು ಟ್ರಾಮು, ರೈಲು ಎಂಜಿನ್ನು ಮಾಡುತ್ತಿದ್ದದ್ದು, ಯುದ್ಧ ಬಂದೊಡನೆ ಮದ್ದುಗುಂಡಿಗೆ ತಿರುಗಿತು. ಇಲ್ಲಿಯ ಹುಡುಗಿಯರು ಊಟದ ಬಿಡುವಿನಲ್ಲಿ, ಚಹಾದ ಬಿಡುವಿನಲ್ಲಿ ಅಂಗಳದೊಳಗೆ ಚೆಂಡು ಒದೆಯುತ್ತಿದ್ದರು. 1917ರ ಅಕ್ಟೋಬರಿನಲ್ಲಿ ಗಂಡಾಳುಗಳ ಜೋಡಿ ಪಂದ್ಯ ಕಟ್ಟಿ ಗೆದ್ದೇಬಿಟ್ಟರಂತೆ. ಮುಂದಾಳು ಗ್ರೇಸ್ ಸಿಬ್ಬರ್ಟ್. ಆಕೆಯ ಗಂಡ ಯುದ್ಧಕೈದಿಯಾಗಿದ್ದ. ಕಚೇರಿಯ ಕಿಟಕಿಯಿಂದ ಈ ಆಟ ನೋಡುತ್ತಿದ್ದವ ಆಲ್‌ಫ್ರೆಡ್ ಫ್ರ್ಯಾಂಕ್‌ಲಂಡ್ ಎಂಬ ಕಾರಕೂನ. ಬುದ್ಧಿವಂತ ಮನುಷ್ಯ. ಇವರನ್ನು ಮೈದಾನಕ್ಕೆ ಇಳಿಸಿದರೆ ಮಂದಿ ದುಡ್ಡು ಕೊಟ್ಟು ನೋಡುತ್ತಾರೆ ಎಂಬುದು ಅವನ ತಲೆಗೆ ಹೊಳೆಯಿತು.

ಹೊಳೆದದ್ದು ಖರೇ ಆಯಿತು. 1917ರ ಡಿಸೆಂಬರ್ 25, ಕ್ರಿಸ್‌ಮಸ್ ದಿನ. ಬೆಳಗಾವಿ ಮಂದಿ ನಾತಾಳ ಅನ್ನುವ ಹಬ್ಬ. ಪ್ರೆಸ್ಟನ್ ನಾರ್ತ್ ಎಂಡ್ ಕ್ಲಬ್ಬಿನ ಡೀಪ್‌ಡೇಲ್ ಮೈದಾನವನ್ನು ಬಾಡಿಗೆ ಹಿಡಿದು ಡಿಕ್ ಕೆರ್ ಹುಡುಗಿಯರು ಅದೇ ಊರಿನ ಅರುಂಡೆಲ್ ಕೂಲ್ಟರ್ಡ್ ಫೌಂಡ್ರಿಯ ಹುಡುಗಿಯರನ್ನು ಎದುರಿಸಿದರು. ಒಂದು ಕಾರ್ಖಾನೆಯವರು ಮತ್ತೊಂದು ಕಾರ್ಖಾನೆಯವರ ಮೇಲೆ! ಹತ್ತು ಸಾವಿರ ಮಂದಿ ಬಂದರು. ಡಿಕ್ ಕೆರ್ ತಂಡ 4–0ರಿಂದ ಗೆದ್ದಿತು. ಖರ್ಚು ಕಳೆದು ಉಳಿದ 200 ಪೌಂಡು ಗಾಯಾಳು ಸೈನಿಕರ ಮೂರ್ ಪಾರ್ಕ್ ದವಾಖಾನೆಗೆ ಹೋಯಿತು. ಕ್ರಿಸ್‌ಮಸ್ ಹಬ್ಬಕ್ಕೂ ಹೆಣ್ಣುಮಕ್ಕಳ ಫುಟ್‌ಬಾಲಿಗೂ ಗಂಟು ಬಿದ್ದದ್ದು ಅಲ್ಲಿಂದ.

ಯುದ್ಧ 1918ರಲ್ಲಿ ಮುಗಿಯಿತು. ಗಂಡಸರು ತಿರುಗಿ ಬಂದರು, ಹೆಣ್ಣುಮಕ್ಕಳು ಕಾರ್ಖಾನೆ ಬಿಟ್ಟು ಒಲೆ ಮುಂದೆ ಕೂತರೆ ಸಾಕು ಎಂದು ದೊಡ್ಡವರು ಬಯಸಿದರು. ಆದರೆ ಚೆಂಡಿನ ರುಚಿ ಹತ್ತಿತ್ತು. ಊರೂರಿಗೆ ತಂಡ ಹುಟ್ಟಿದವು. ಸೇಂಟ್ ಹೆಲೆನ್ಸ್‌ನಲ್ಲೂ ಹುಟ್ಟಿತು. ಹದಿನಾಲ್ಕರ ಲಿಲಿ ಅದರೊಳಗೆ ಸೇರಿಕೊಂಡಳು.

ತವರು ಬಿಟ್ಟು ಎದುರಾಳಿಯ ಪಾಳಯಕ್ಕೆ

ಎರಡು ಊರಿನ ನಡುವಿನ ಪೈಪೋಟಿ ಅಂದ್ರ ಏನು ಎಂಬುದು ಕುಸ್ತಿಯ ಕಣ ಕಂಡವರಿಗೆ ಗೊತ್ತು. ಒಂದೂರಿನ ತಾಲೀಮಿನಲ್ಲಿ ಬೆಳೆದ ಪೈಲವಾನ ಇನ್ನೊಂದೂರಿನ ಪರವಾಗಿ ಕಣಕ್ಕೆ ಇಳಿದರೆ ತವರಿನವರು ವರ್ಷಗಟ್ಟಲೆ ಮಾತು ಬಿಡುವುದುಂಟು. ಲಿಲಿ ಮಾಡಿದ್ದು ಅದನ್ನೇ.

ಸೇಂಟ್ ಹೆಲೆನ್ಸ್ ತಂಡ ಪ್ರೆಸ್ಟನ್‌ನವರ ಎದುರು ಆಡಿ ಸೋತಿತು. ಆದರೆ ಸೋತ ತಂಡದೊಳಗಿನ ಇಬ್ಬರ ಮೇಲೆ ಫ್ರ್ಯಾಂಕ್‌ಲಂಡ್‌ನ ಕಣ್ಣು ನೆಟ್ಟಿತು. ಒಬ್ಬಾಕೆ ಓಟಗಾರ್ತಿ ಆಲಿಸ್ ವುಡ್ಸ್, ಇನ್ನೊಬ್ಬಾಕೆ ಲಿಲಿ ಪಾರ್. ಇಬ್ಬರನ್ನೂ ಬಲೆಗೆ ಹಾಕಿಕೊಂಡ. ಲಿಲಿಗೆ ಪ್ರೆಸ್ಟನ್‌ನಲ್ಲಿ ಇರಲು ಜಾಗ, ತಂಡದ ಆಟಗಾರ್ತಿ ಆಲಿಸ್ ನಾರಿಸ್‌ಳ ಮನೆ. ಆಟದ ದಿನ ಕೆಲಸ ತಪ್ಪಿದ್ದಕ್ಕೆ ಹತ್ತು ಶಿಲಿಂಗು ಖರ್ಚಿನ ಹಣ. ಜೊತೆಗೆ ವುಡ್‌ಬೈನ್ ಸಿಗರೇಟಿನ ಪೊಟ್ಟಣವೂ ಬೇಕು ಅಂತ ಹುಡುಗಿ ಕರಾರು ಮಾಡಿಕೊಂಡಳೆಂದು ಹೇಳುತ್ತಾರೆ. ಸಿಗರೇಟಿನ ಚಟ ಆಕೆಗೆ ಎಳೆತನದಿಂದಲೇ ಅಂಟಿತ್ತು.

ದುಡ್ಡಿನಾಸೆಗೆ ಹೋದಳೋ ಆಟದಾಸೆಗೆ ಹೋದಳೋ ಎಂಬ ಪ್ರಶ್ನೆ ಏಳಬಹುದು. ಏಳು ಮಕ್ಕಳ ಕೂಲಿಕಾರನ ಮನೆಯಲ್ಲಿ ಹುಟ್ಟಿದಾಕೆಗೆ ಎರಡೂ ಬೇಕಾಗಿತ್ತು. ಹತ್ತು ಶಿಲಿಂಗು ಆಗ ಸಣ್ಣ ಮೊತ್ತವಲ್ಲ. ಮೊದಲ ಹಂಗಾಮಿನಲ್ಲೇ ಆಕೆ ಹೊಡೆದದ್ದು 43 ಗೋಲು ಅಂತ ಲೆಕ್ಕ. ಆಗ ಆಕೆಯ ವಯಸ್ಸು ಹದಿನಾಲ್ಕು ಹದಿನೈದು!

ಡಿಕ್ ಕೆರ್ ಹುಡುಗಿಯರ ಉಡುಪು ಕಪ್ಪು ಬಿಳುಪು ಪಟ್ಟೆಯ ಅಂಗಿ, ನೀಲಿ ಚಡ್ಡಿ, ತಲೆಗೆ ಪಟ್ಟೆಯದೇ ಟೊಪ್ಪಿಗೆ. 1920ರಲ್ಲಿ ಫ್ರಾನ್ಸಿನಿಂದ ಅಲೀಸ್ ಮಿಲ್ಯಾ ಎಂಬಾಕೆ ಹುಡುಗಿಯರ ತಂಡ ಕಟ್ಟಿಕೊಂಡು ಬಂದಳು. ಡೀಪ್‌ಡೇಲಿನ ಮೊದಲ ಪಂದ್ಯಕ್ಕೆ 25 ಸಾವಿರ ಮಂದಿ. ಪ್ರೆಸ್ಟನ್ ಹುಡುಗಿಯರು 2–0ರಿಂದ ಗೆದ್ದರು. ಅದೇ ವರ್ಷ ಅವರೂ ಫ್ರಾನ್ಸಿಗೆ ಹೋಗಿ ಆಡಿ ಬಂದರು.

ಆ ವರ್ಷದ ಡಿಸೆಂಬರ್ ತಿಂಗಳು ಮರೆಯುವಂಥದ್ದಲ್ಲ. 16ನೇ ತಾರೀಖು ಡೀಪ್‌ಡೇಲಿನಲ್ಲಿ ರಾತ್ರಿ ಪಂದ್ಯ. ರಾತ್ರಿ ಆಡುವುದೆಂದರೆ ಬೆಳಕು ಬೇಕು. ಆಗ ಬ್ರಿಟಿಷ್ ಸರಕಾರದ ಯುದ್ಧಖಾತೆಯ ಮಂತ್ರಿಯಾಗಿದ್ದವ ವಿನ್ಸ್‌ಟನ್ ಚರ್ಚಿಲ್. ಅವನ ಖಾತೆಯ ಅನುಮತಿ ಪಡೆದು ದಂಡಿನ ಎರಡು ಸರ್ಚ್‌ಲೈಟು ತಂದರು, ಕಾರ್ಬೈಡ್ ದೀಪ ಹಚ್ಚಿದರು, ಚೆಂಡು ಕಾಣಲೆಂದು ಅದಕ್ಕೆ ಸುಣ್ಣ ಬಳಿದರು. 12 ಸಾವಿರ ಮಂದಿ ಸೇರಿದರು. ಹಬ್ಬದ ಮೊದಲು ಕೂಡಿದ ಸುಮಾರು 600 ಪೌಂಡು ಕೆಲಸವಿಲ್ಲದ ಮಾಜಿ ಸೈನಿಕರ ಪಾಲಾಯಿತು.

ಗುಡಿಸನ್ ಪಾರ್ಕಿನ ಹಬ್ಬ

ಕ್ರಿಸ್‌ಮಸ್‌ನ ಬೆನ್ನಿಗೆ ಬರುವ ರಜೆಗೆ ಇಂಗ್ಲಂಡಿನಲ್ಲಿ ಬಾಕ್ಸಿಂಗ್ ಡೇ ಅನ್ನುತ್ತಾರೆ. ಹೆಸರು ಕೇಳಿ ಗುದ್ದಾಟ ಅಂದುಕೊಳ್ಳಬೇಕಾಗಿಲ್ಲ. ಆಳುಕಾಳಿಗೆ ಪೆಟ್ಟಿಗೆಯಲ್ಲಿ ಹಬ್ಬದ ಕಾಣಿಕೆ ಕೊಡುತ್ತಿದ್ದ ದಿನವಾದ್ದರಿಂದ ಆ ಹೆಸರು. ಇವತ್ತಿಗೂ ಅಲ್ಲಿ ಆ ದಿನವೆಂದರೆ ಫುಟ್‌ಬಾಲ್. ಅಕ್ಕಪಕ್ಕದ ಊರುಗಳ ಪೈಪೋಟಿಯನ್ನು ಹಬ್ಬದ ರಜೆಗೇ ಇಟ್ಟುಕೊಳ್ಳುವ ವಾಡಿಕೆ ಹಳೆಯದು. ಕಾರಣ ಸರಳ. ಕೂಲಿಕಾರನಿಗೆ ರಜೆ ಸಿಗುವುದು ಆಗ, ಕೈಯಲ್ಲಿ ಕಾಸು ಆಡುವುದು ಆಗ, ದೂರದ ಊರಿಗೆ ಹೋಗಿಬರದೆ ಪಂದ್ಯ ನೋಡಬಹುದಾದದ್ದೂ ಆಗ. ಜಾತ್ರೆಗೆ ಕುಸ್ತಿ ಇಟ್ಟುಕೊಂಡಂತೆ.

1920ರ ಬಾಕ್ಸಿಂಗ್ ಡೇ ಪಂದ್ಯ ಲಿವರ್‌ಪೂಲಿನ ಗುಡಿಸನ್ ಪಾರ್ಕಿನಲ್ಲಿ. ಆಗ ಎವರ್ಟನ್ ಕ್ಲಬ್ಬಿನ ಮನೆಯಂಗಳವಾಗಿದ್ದದ್ದು ಅದು. ಎದುರುಬದುರಾದವರು ಪ್ರೆಸ್ಟನ್‌ನ ಡಿಕ್ ಕೆರ್ ಹುಡುಗಿಯರು ಮತ್ತು ಸೇಂಟ್ ಹೆಲೆನ್ಸ್ ಹುಡುಗಿಯರು. ಹದಿನೈದರ ಲಿಲಿ ತನ್ನ ಹುಟ್ಟೂರಿನ ಎದುರು, ಹಿಂದಿನ ಗೆಳತಿಯರ ಎದುರು ನಿಂತಳು. ಜೊತೆಗೆ ಆಲಿಸ್ ವುಡ್ಸ್ ಕೂಡ. ಸೇಂಟ್ ಹೆಲೆನ್ಸ್‌ನಿಂದ ಲಿವರ್‌ಪೂಲ್ ಕೂಗಳತೆಯ ದೂರ. ತಮ್ಮೂರಿನ ಹುಡುಗಿ ಪರರ ಅಂಗಿ ತೊಟ್ಟದ್ದನ್ನು ನೋಡಲು ಬಂದವರಿಗೆ ಕೊರತೆ ಇರಲಿಲ್ಲ.

ಮಂದಿ ಬಂದದ್ದು ಹೇಗೆ ಅನ್ನುತ್ತೀರಿ? ಒಳಗೆ 53 ಸಾವಿರ. ಜಾಗ ಸಾಲದೆ ಹೊರಗೆ ಉಳಿದವರು ಮತ್ತೆ ಹನ್ನೆರಡು ಹದಿನಾಲ್ಕು ಸಾವಿರ. ಆಡುವವರೇ ತಮ್ಮ ಕೋಣೆಗೆ ಹೋಗಲು ಪೊಲೀಸರ ಬೆಂಗಾವಲು ಬೇಕಾಯಿತು. ಅಷ್ಟರಲ್ಲಿ ಪ್ರೆಸ್ಟನ್ ತಂಡಕ್ಕೆ ಒಂದು ಫಜೀತಿ. ಗೋಲು ಹೊಡೆಯುವುದರಲ್ಲಿ ಪಳಗಿದ ಫ್ಲೋರಿ ರೆಡ್‌ಫರ್ಡ್‌ಗೆ ಗಾಡಿ ತಪ್ಪಿತ್ತು! ಮೊದಲರ್ಧದಲ್ಲಿ ಪುಟ್ಟ ಜೆನಿ ಹ್ಯಾರಿಸ್ ಒಂದು ಗೋಲು ಹೊಡೆದಳು. ಬಿಡುವಿನ ನಂತರ, ಹಿಂದೆ ನಿಂತು ಕಾಯುವ ಆಲಿಸ್ ಕೆಲ್‌ಳನ್ನು ಮುಂದಕ್ಕೆ ಕಳಿಸಿದರು. ಆಕೆ ಮೂರು ಹೊಡೆದಳು. 4–0. ಸೇಂಟ್ ಹೆಲೆನ್ಸ್ ಬರಿಗೈಲಿ ಮನೆಗೆ ಹೋಯಿತು.

ಗೋಲಿನ ಪಟ್ಟಿಯಲ್ಲಿ ಲಿಲಿಯ ಹೆಸರಿಲ್ಲ ಅಂತ ಆಕೆಯ ಕಥೆಯಿಂದ ಈ ದಿನವನ್ನು ತೆಗೆಯಲಾಗದು. ಯಾಕಂದ್ರ ಆಕೆಯ ಮುಂದಿನ ಬದುಕನ್ನೆಲ್ಲ ತಿದ್ದಿದ್ದು ಇದೇ ದಿನ. ಆ ಹೊತ್ತು ಕೂಡಿದ ಹಣ 3,115 ಪೌಂಡು. ಎಲ್ಲ ಧರ್ಮಕಾರ್ಯಕ್ಕೆ. ಒಂದು ಕ್ರಿಸ್‌ಮಸ್ ಪಂದ್ಯ, ಎರಡು ಕಾರ್ಮಿಕ ಊರು, ಅರ್ಧ ಲಕ್ಷ ಮಂದಿ, ಗಂಡಸರ ಕ್ಲಬ್ಬುಗಳು ಕಣ್ಣು ತೆರೆದು ನೋಡುವಂಥ ವಸೂಲಿ. ಇದು ಯಾರ ಕಣ್ಣಿಗೆ ಬಿತ್ತೋ ಅವರಿಗೆ ನಿದ್ದೆ ಬರಲಿಲ್ಲ.

ಮುಚ್ಚಿದ ಗೇಟು

1921 ಬಂದಿತು. ಫೆಬ್ರುವರಿಯಲ್ಲಿ ಲಿವರ್‌ಪೂಲಿನ ಆನ್‌ಫೀಲ್ಡಿನಲ್ಲಿ 25 ಸಾವಿರ ಮಂದಿಯ ಎದುರು ಡಿಕ್ ಕೆರ್ ತಂಡ 9–1ರಿಂದ ಗೆದ್ದಿತು. ಅದರೊಳಗೆ ಐದು ಗೋಲು ಲಿಲಿಯವು. ಆ ವರ್ಷ ತಂಡ ಅರವತ್ತಕ್ಕೂ ಹೆಚ್ಚು ಪಂದ್ಯ ಆಡಿತು. ವಾರದಲ್ಲಿ ಆರು ದಿನ ದುಡಿದು, ಬಿಡುವಿನಲ್ಲಿ ಊರೂರು ತಿರುಗಿ ಆಡಿದ ಲೆಕ್ಕ ಇದು. ದೇಶದೊಳಗೆ ಸುಮಾರು 150 ಹೆಣ್ಣುಮಕ್ಕಳ ತಂಡ ಇದ್ದವು.

ಅದೇ ವರ್ಷ ಕಲ್ಲಿದ್ದಲ ಗಣಿ ಮಾಲೀಕರು ಕೂಲಿ ಕಡಿಮೆ ಮಾಡಲು ಹೊರಟು, ಒಪ್ಪದ ಗಣಿಕಾರ್ಮಿಕರಿಗೆ ಬಾಗಿಲು ಹಾಕಿದರು. ಗಣಿ ಊರುಗಳಲ್ಲಿ ಹಸಿವು. ಹುಡುಗಿಯರು ಗಣಿಕಾರ್ಮಿಕರ ಮಕ್ಕಳಿಗೆ ಊಟ ಹಾಕಲೂ ಆಡಿ ಹಣ ಕೂಡಿಸಿದರು. ಗಾಯಾಳು ಸೈನಿಕರಿಗೆ ಆಡಿದಾಗ ಚಪ್ಪಾಳೆ ತಟ್ಟಿದ ದೊಡ್ಡ ಮನುಷ್ಯರಿಗೆ ಇದು ಸೇರಲಿಲ್ಲ ಎಂದು ಇತಿಹಾಸ ಬರೆದವರು ಹೇಳುತ್ತಾರೆ. ಇನ್ನೊಂದು ಸಂಗತಿ. ಗಂಡಸರ ಲೀಗು ಆಗ ಹಿಗ್ಗುತ್ತಿತ್ತು. 1920ರಲ್ಲಿ ಮೂರನೇ ವಿಭಾಗ ಹುಟ್ಟಿತು, 1921ರಲ್ಲಿ ಅದಕ್ಕೆ ಉತ್ತರದ ತಂಡಗಳೂ ಸೇರಿದವು. ಹೊಸ ಕ್ಲಬ್ಬುಗಳಿಗೆ ಗೇಟಿನ ವಸೂಲಿಯೇ ಜೀವಾಳ. ಪಕ್ಕದ ಮೈದಾನದಲ್ಲಿ ಹುಡುಗಿಯರು ಆಡಿದರೆ ತಮ್ಮ ಮಂದಿ ಅತ್ತ ಹೋದಾರು ಎಂಬ ಭಯ ಇದ್ದಿರಲಿಕ್ಕೂ ಸಾಕು.

1921ರ ಡಿಸೆಂಬರ್ 5. ಲಂಡನ್ನಿನಲ್ಲಿ ಫುಟ್‌ಬಾಲ್ ಅಸೋಸಿಯೇಶನ್ನಿನ ಮಹಾಶಯರು ಕೂತು ಠರಾವು ಪಾಸು ಮಾಡಿದರು. ಫುಟ್‌ಬಾಲ್ ಹೆಣ್ಣುಮಕ್ಕಳಿಗೆ ತಕ್ಕುದಲ್ಲ, ಉತ್ತೇಜನ ಕೊಡಬಾರದು ಎಂಬುದು ಅದರ ಮೊದಲ ಅಂಶ. ಕೂಡಿದ ಹಣದಲ್ಲಿ ಖರ್ಚಿನ ಬಾಬತ್ತಿಗೆ ಹೆಚ್ಚು ಹೋಗಿ ಧರ್ಮಕ್ಕೆ ಕಡಿಮೆ ಸಿಗುತ್ತಿದೆ ಎಂಬ ತಕರಾರು ಎರಡನೆಯದು. ಆದ್ದರಿಂದ ಅಸೋಸಿಯೇಶನ್ನಿಗೆ ಸೇರಿದ ಯಾವ ಕ್ಲಬ್ಬೂ ತನ್ನ ಮೈದಾನವನ್ನು ಹೆಣ್ಣುಮಕ್ಕಳಿಗೆ ಕೊಡಬಾರದು. ಆಟ ಮೈಗೆ ಕೇಡು ಎಂದು ಸಾಕ್ಷಿ ಹೇಳಲು ಡಾಕ್ಟರರೂ ಸಿಕ್ಕರು. ಮದ್ದುಗುಂಡಿನ ವಿಷದ ಪುಡಿಯೊಳಗೆ ಹನ್ನೆರಡು ತಾಸು ನಿಲ್ಲಿಸಿದಾಗ ಇಲ್ಲದ ಕೇಡು, ತೊಂಬತ್ತು ನಿಮಿಷ ಚೆಂಡು ಒದ್ದರೆ ಬರುತ್ತದೆಂದರೆ ನಂಬುವುದು ಕಷ್ಟ.

ಠರಾವಿನ ಜಾಣತನ ನೋಡ್ರಿ. ಹುಡುಗಿಯರು ಆಡಬಾರದು ಅಂತ ಅದರೊಳಗೆ ಬರೆದಿಲ್ಲ. ಆಡಲಿ ಬೇಕಾದರೆ, ಆದರೆ ಗೇಟು ಇರುವ ಮೈದಾನ ಸಿಗದು. ಗೇಟಿಲ್ಲದಿದ್ದರೆ ಟಿಕೆಟಿಲ್ಲ, ಟಿಕೆಟಿಲ್ಲದಿದ್ದರೆ ಹಣವಿಲ್ಲ, ಹಣವಿಲ್ಲದಿದ್ದರೆ ಊರಿಂದೂರಿಗೆ ಹೋಗಿ ಆಡುವುದು ಹೇಗೆ? ಗುಡಿಸನ್ ಪಾರ್ಕಿನ ಹಬ್ಬ ಮುಗಿದು ವರ್ಷ ತುಂಬಿರಲಿಲ್ಲ. 1921ರ ಕ್ರಿಸ್‌ಮಸ್‌ಗೆ ಆ ಗೇಟು ಪ್ರೆಸ್ಟನ್‌ನವರಿಗೂ ಇಲ್ಲ, ಸೇಂಟ್ ಹೆಲೆನ್ಸ್‌ನವರಿಗೂ ಇಲ್ಲ. ಮೈದಾನದಲ್ಲಿ ಎದುರಾಳಿಗಳಾಗಿದ್ದವರು ಗೇಟಿನ ಹೊರಗೆ ಒಂದೇ ಸಾಲಿನಲ್ಲಿ ನಿಂತರು.

ಪ್ರತಿಭಟನೆ ನಡೆಯಿತು. ಅದೇ ಡಿಸೆಂಬರಿನಲ್ಲಿ ಬ್ಲ್ಯಾಕ್‌ಬರ್ನ್ ಊರಿನಲ್ಲಿ ಹೆಣ್ಣುಮಕ್ಕಳ ತಂಡಗಳು ಕೂಡಿ ತಮ್ಮದೇ ಒಂದು ಸಂಘ ಕಟ್ಟಿಕೊಂಡವು. ಒಂದು ಕಪ್ಪನ್ನೂ ಆಡಿದವು. 1922ರಲ್ಲಿ ಸ್ಟೋಕ್ ತಂಡ ಅದನ್ನು ಗೆದ್ದಿತು. ಆಮೇಲೆ ಮುಂದುವರಿಯಲಿಲ್ಲ. ಬಹಳ ತಂಡಗಳು ಒಂದೊಂದಾಗಿ ಬಾಗಿಲು ಮುಚ್ಚಿದವು. ಪೈಪೋಟಿ ಬದುಕುವುದಕ್ಕೆ ಎರಡು ತಂಡ ಬೇಕು. ಒಂದೇ ಉಳಿದರೆ ಗೆದ್ದರೂ ಏನು ಬಂತು?

ದವಾಖಾನೆಯ ಸಿಸ್ಟರ್, ಮೈದಾನದ ಹುಲಿ

ಡಿಕ್ ಕೆರ್ ತಂಡ ಮಾತ್ರ ನಿಲ್ಲಲಿಲ್ಲ. 1922ರಲ್ಲಿ ಹಡಗು ಹತ್ತಿ ಕೆನಡಾಕ್ಕೆ ಹೋದರೆ ಅಲ್ಲಿಯ ಅಸೋಸಿಯೇಶನ್ನೂ ಗೇಟು ಹಾಕಿತು. ಹುಡುಗಿಯರು ಹೆದರದೆ ಅಮೇರಿಕಕ್ಕೆ ಇಳಿದು ಅಲ್ಲಿಯ ಗಂಡಸರ ತಂಡಗಳ ಎದುರೇ ಆಡಿದರು. ಕೆಲವು ಸೋತರು, ಕೆಲವು ಗೆದ್ದೂ ಬಂದರು.

1926ರಲ್ಲಿ ಮತ್ತೊಂದು ಪೆಟ್ಟು. ಕಾರ್ಖಾನೆ ಆಗ ಇಂಗ್ಲಿಷ್ ಎಲೆಕ್ಟ್ರಿಕ್ ಕಂಪನಿಯ ಕೈಯಲ್ಲಿತ್ತು. ಹೊಸ ಧಣಿಗಳಿಗೂ ಫ್ರ್ಯಾಂಕ್‌ಲಂಡ್‌ಗೂ ಹೊಂದಲಿಲ್ಲ. ಆತ ಹೊರಬಿದ್ದು ಅಂಗಡಿ ಇಟ್ಟ, ತಂಡವನ್ನು ಪ್ರೆಸ್ಟನ್ ಲೇಡೀಸ್ ಅಂತ ಹೆಸರು ಬದಲಿಸಿ ನಡೆಸಿದ. ಹೊಟ್ಟೆಪಾಡಿಗೆ ಲಿಲಿ ಹಿಡಿದ ದಾರಿ ದಾದಿಯ ಕೆಲಸ. ಪ್ರೆಸ್ಟನ್ ಹತ್ತಿರದ ವಿಟ್ಟಿಂಗ್‌ಹ್ಯಾಮ್ ಮಾನಸಿಕ ರೋಗಿಗಳ ದೊಡ್ಡ ದವಾಖಾನೆಯಲ್ಲಿ ತರಬೇತಿ ಪಡೆದು ಅಲ್ಲೇ ನೆಲೆ ನಿಂತಳು. ಘಟಪ್ರಭಾದ ಆರೋಗ್ಯಧಾಮದಂಥ ಸಂಸ್ಥೆ ಕಂಡವರಿಗೆ ಆ ಕೆಲಸದ ಕಷ್ಟ ಗೊತ್ತು. ಹಗಲೋ ರಾತ್ರಿಯೋ ಪಾಳಿ ಮುಗಿಸಿ, ವಾರದ ಕೊನೆಗೆ ಬೂಟು ಕಟ್ಟಿಕೊಂಡು ಆಟಕ್ಕೆ ಹೋಗುವುದು.

ಆಡುತ್ತಿದ್ದದ್ದು ಈಗ ಗುಡಿಸನ್ ಪಾರ್ಕಿನಲ್ಲಲ್ಲ. ರಗ್ಬಿ ಬಯಲು, ಊರ ಹೊರಗಿನ ಹೊಲ, ಸಾರ್ವಜನಿಕ ತೋಟ, ಸಿಕ್ಕ ಸಿಕ್ಕಲ್ಲಿ. ನೋಡುವವರು ಸಾವಿರವಾದರೆ ದೊಡ್ಡದು. ಆದರೂ ಎಡಗಾಲಿನ ಹೊಡೆತ ಮೆತ್ತಗಾಗಲಿಲ್ಲ. 1937ರಲ್ಲಿ ಸ್ಕಾಟ್ಲಂಡಿನ ಎಡಿನ್‌ಬರೋ ಹುಡುಗಿಯರನ್ನು 5–1ರಿಂದ ಸೋಲಿಸಿದಾಗಲೂ ಲಿಲಿ ಇದ್ದಳು. ಎರಡನೆಯ ಮಹಾಯುದ್ಧ ಮುಗಿದು 1946ರಲ್ಲಿ ತಂಡ ಮತ್ತೆ ಎದ್ದಾಗ ನಲವತ್ತೊಂದರ ಲಿಲಿಯನ್ನೇ ಕ್ಯಾಪ್ಟನ್ ಮಾಡಿದರು. ಆಕೆ ಬೂಟು ಬಿಚ್ಚಿದ್ದು 1951ರ ಹೊತ್ತಿಗೆ. ಮೂವತ್ತು ವರ್ಷಕ್ಕೂ ಮೀರಿದ ಆಟದೊಳಗೆ ಹೊಡೆದ ಗೋಲುಗಳು 900ಕ್ಕೂ ಮೇಲೆ ಎಂದು ಎಣಿಸಿದವರು ಬರೆದಿದ್ದಾರೆ.

ಮಾತು ಕಡಿಮೆ, ಹಟ ಜಾಸ್ತಿ ಎಂಬುದು ಜೊತೆಗಾರ್ತಿಯರು ಕಟ್ಟಿಕೊಟ್ಟ ಆಕೆಯ ಚಿತ್ರ. ಆಡಿದ್ದಕ್ಕೆ ಸರಕಾರದ ಬಿರುದಿಲ್ಲ, ಪಿಂಚಣಿಯಿಲ್ಲ. ದಾದಿಯ ಪಗಾರದಲ್ಲಿ ಗೂಸ್‌ನಾರ್ ಹಳ್ಳಿಯಲ್ಲಿ ಸ್ವಂತ ಮನೆ ಮಾಡಿಕೊಂಡಳು. ಕೂಲಿಕಾರನ ಮಗಳಿಗೆ ಅದೇನು ಸಣ್ಣ ಮಾತಲ್ಲ. ಫ್ರ್ಯಾಂಕ್‌ಲಂಡ್ 1957ರಲ್ಲಿ ತೀರಿಕೊಂಡ. ಆಟಗಾರ್ತಿಯರು ಸಿಗದೆ ತಂಡ 1965ರಲ್ಲಿ ಮುಚ್ಚಿತು. ಅಷ್ಟು ವರ್ಷದಲ್ಲಿ 800ಕ್ಕೂ ಹೆಚ್ಚು ಪಂದ್ಯ ಆಡಿ, ಬೆರಳೆಣಿಕೆಯಷ್ಟು ಮಾತ್ರ ಸೋತ ತಂಡ ಸದ್ದಿಲ್ಲದೆ ಮುಗಿದುಹೋಯಿತು.

1967ರಲ್ಲಿ ಲಿಲಿಗೆ ಕ್ಯಾನ್ಸರ್ ಆಗಿ ಶಸ್ತ್ರಕ್ರಿಯೆ ನಡೆಯಿತು. ಚೇತರಿಸಿಕೊಂಡಳು. 1971ರಲ್ಲಿ ಇಂಗ್ಲಂಡಿನ ಫುಟ್‌ಬಾಲ್ ಅಸೋಸಿಯೇಶನ್ ಐವತ್ತು ವರ್ಷದ ಹಿಂದಿನ ತನ್ನ ಠರಾವನ್ನು ರದ್ದು ಮಾಡಿತು. ಗೇಟು ತೆರೆದದ್ದನ್ನು ನೋಡಲು ಲಿಲಿ ಬದುಕಿದ್ದಳು, ಒಳಗೆ ಹೋಗಿ ಆಡಲು ವಯಸ್ಸು ಅರವತ್ತಾರು. 1978ರ ಮೇ 24ರಂದು ತೀರಿಕೊಂಡಳು. ಹಿಡಕಲ್ ಆಣೆಕಟ್ಟಿನ ಕೆಲಸ ಮುಗಿದ ಮರುವರ್ಷ ಅದು. ಮಣ್ಣಾದದ್ದು ಹುಟ್ಟೂರಾದ ಸೇಂಟ್ ಹೆಲೆನ್ಸ್‌ನಲ್ಲಿಯೇ. ಯಾವ ಊರಿನ ಎದುರು ಕ್ರಿಸ್‌ಮಸ್ ಪಂದ್ಯ ಆಡಿದ್ದಳೋ ಆ ಊರು ಮಗಳನ್ನು ಮರಳಿ ಮಡಿಲಿಗೆ ಹಾಕಿಕೊಂಡಿತು.

ಮಾನಸನ್ಮಾನ ಬಂದದ್ದು ಆಮೇಲೆ. 2002ರಲ್ಲಿ ಇಂಗ್ಲಂಡಿನ ರಾಷ್ಟ್ರೀಯ ಫುಟ್‌ಬಾಲ್ ಮ್ಯೂಸಿಯಂ ತನ್ನ ಕೀರ್ತಿಪಟ್ಟಿಗೆ ಸೇರಿಸಿದ ಮೊದಲ ಹೆಣ್ಣುಮಗಳು ಲಿಲಿ. 2019ರಲ್ಲಿ ಮ್ಯಾಂಚೆಸ್ಟರಿನ ಆ ಮ್ಯೂಸಿಯಮ್ಮಿನಲ್ಲಿ ಆಕೆಯ ಕಂಚಿನ ಪ್ರತಿಮೆ ನಿಂತಿತು. ಗುಡಿಸನ್ ಪಾರ್ಕಿನ 53 ಸಾವಿರವನ್ನು ಮೀರಿಸುವಷ್ಟು ಮಂದಿ ಇಂಗ್ಲಂಡಿನ ನೆಲದಲ್ಲಿ ಹೆಣ್ಣುಮಕ್ಕಳ ಪಂದ್ಯಕ್ಕೆ ಸೇರಿದ್ದು 2012ರ ಲಂಡನ್ ಒಲಿಂಪಿಕ್ಸಿನಲ್ಲಿ, ವೆಂಬ್ಲಿಯೊಳಗೆ. ಲೆಕ್ಕ 70,584. ನಡುವೆ ಕಳೆದದ್ದು ತೊಂಬತ್ತೊಂದು ವರ್ಷ. ನೋಡುವವರಿಗೆ ಮನಸ್ಸಿಲ್ಲದೆ ಇಷ್ಟು ವರ್ಷ ಆಯಿತೆಂದು ಯಾರೂ ಹೇಳುವಂತಿಲ್ಲ.

ಇಲ್ಲಿಯ ಬಯಲು ಯಾರದು?

ಇಂಗ್ಲಂಡಿನವರನ್ನು ಬೈದು ಮನೆಗೆ ಹೋಗುವುದು ಸುಲಭ. ಭಾರತದಲ್ಲಿ ಮಹಿಳಾ ಫುಟ್‌ಬಾಲ್ ಫೆಡರೇಶನ್ ಹುಟ್ಟಿದ್ದೇ 1975ರಲ್ಲಿ. ಅದರ ಹುಡುಗಿಯರು ಐದೇ ವರ್ಷದಲ್ಲಿ, 1980ರ ಜನವರಿಯಲ್ಲಿ ಕೇರಳದ ಕಲ್ಲಿಕೋಟೆಯೊಳಗೆ ಏಷ್ಯಾ ಮಟ್ಟದ ಫೈನಲ್ ತನಕ ಹೋಗಿ ತೈವಾನಿಗೆ ಸೋತರು. ಆದರೆ ದೇಶದ ದೊಡ್ಡ ಫೆಡರೇಶನ್ ಅವರನ್ನು ತನ್ನ ಮನೆಯೊಳಗೆ ಕರೆದುಕೊಂಡದ್ದು 1990ರ ದಶಕದಲ್ಲಿ. ಅಲ್ಲಿಯ ತನಕ ಹೊರಗಿನ ಕಟ್ಟೆಯೇ ಗತಿ. ಇಲ್ಲಿ ಲಂಡನ್ನಿನಂಥ ಠರಾವು ಯಾರೂ ಬರೆಯಲಿಲ್ಲ. ಬರೆಯದೆಯೂ ಗೇಟು ಮುಚ್ಚಬಹುದು.

ಗೋಕಾಕ, ಮೂಡಲಗಿ, ಹುಕ್ಕೇರಿ ಭಾಗದ ಯಾವುದೇ ಊರಿನಲ್ಲಿ ಸಂಜೆ ಐದಕ್ಕೆ ಸಾಲಿ ಬಯಲಿಗೆ ಹೋಗಿ ನಿಂತು ನೋಡಬಹುದು. ಕ್ರಿಕೆಟ್ ಬ್ಯಾಟು ಯಾರ ಕೈಯಲ್ಲಿದೆ, ವಾಲಿಬಾಲ್ ನೆಟ್ಟಿನ ಎರಡೂ ಬದಿಗೆ ಯಾರಿದ್ದಾರೆ, ಹುಡುಗಿಯರು ಎಲ್ಲಿದ್ದಾರೆ ಎಂದು ಎಣಿಸಬಹುದು. ಎಣಿಸುವುದಕ್ಕೆ ಠರಾವು ಬೇಕಾಗಿಲ್ಲ. ಬಯಲು ಯಾರದೆಂದು ಗೊತ್ತಾಗಲು ಅರ್ಧ ತಾಸು ಸಾಕು.

ಮಾಡಬೇಕಾದ್ದು ದೊಡ್ಡ ಕೆಲಸವೂ ಅಲ್ಲ. ವಾರಕ್ಕೆ ಎರಡು ಸಂಜೆ ಬಯಲು ಹುಡುಗಿಯರದು ಎಂದು ಗ್ರಾಮ ಪಂಚಾಯತಿಯವರೂ ಸಾಲಿಯವರೂ ಕೂಡಿ ಫಲಕ ಹಾಕಬೇಕು. ಎರಡು ಗೋಲು ಕಂಬ, ನಾಲ್ಕು ಚೆಂಡು, ಬಟ್ಟೆ ಬದಲಿಸಲು ಬಾಗಿಲಿರುವ ಒಂದು ಕೋಣೆ, ಕತ್ತಲಾದರೆ ಮನೆ ಮುಟ್ಟಿಸುವ ಏರ್ಪಾಡು. ಆಮೇಲೆ ಡಿಸೆಂಬರ್ ಕೊನೆಯ ವಾರದ ರಜೆಯಲ್ಲಿ ಹಿಡಕಲ್ಲಿನಲ್ಲಿ ಒಂದು ಪಂದ್ಯ. ಒಂದು ಬದಿಗೆ ಗೋಕಾಕ ಹುಡುಗಿಯರು, ಇನ್ನೊಂದು ಬದಿಗೆ ಹುಕ್ಕೇರಿ ಹುಡುಗಿಯರು. ಮೂಡಲಗಿಯವರು ಗೆದ್ದವರ ಮೇಲೆ. ಟಿಕೆಟು ಹತ್ತು ರೂಪಾಯಿ ಇಡಲಿ, ಕೂಡಿದ ವಸೂಲಿ ಊರ ದವಾಖಾನೆಗೆ ಹೋಗಲಿ. ಸೋತವರು ಮುಂದಿನ ವರ್ಷ ನೋಡಿಕೊಳ್ಳುತ್ತೇವೆ ಎಂದು ಸಿಟ್ಟಿನಿಂದ ಬಸ್ಸು ಹತ್ತಬೇಕು. ಆ ಸಿಟ್ಟು ಬೇಕೇಬೇಕು. ಮುಂದಿನ ವರ್ಷದ ಪಂದ್ಯ ಹುಟ್ಟುವುದೇ ಅದರಿಂದ.

ಡಿಸೆಂಬರಿಗೆ ಹೆಚ್ಚು ದಿನ ಇಲ್ಲ. ಪಂಚಾಯತಿಯ ಮುಂದಿನ ಸಭೆಯ ಅಜೆಂಡಾದಲ್ಲಿ ಬಯಲಿನ ವಿಷಯಕ್ಕೆ ಒಂದು ಸಾಲು ಜಾಗ ಮಾಡಿದರೆ ಆದೀತು.